ಹಾಪರ್‌ಗೆ ಹಾಕಿದ ಗುದ್ದು

2009ರ ಚಳಿಗಾಲ. ಸ್ವೀಡನ್ನಿನ ಉಪ್ಸಾಲಾದ ಹೊರಗಿನ ದನದ ಮೇವಿನ ಕಾರ್ಖಾನೆಯಲ್ಲಿ ನನ್ನ ಪ್ರೊಬೇಷನ್ ಮುಗಿಯಲು ಎರಡು ವಾರ ಬಾಕಿ. ಕೆಲಸ ಕಾಯಂ ಆಗದಿದ್ದರೆ ಇಲ್ಲಿರುವ ಪರ್ಮಿಟ್ಟೂ ಇಲ್ಲ. ಹೆಂಡತಿ, ಆಗಷ್ಟೇ ಇಲ್ಲಿನ ಶಿಶುವಿಹಾರ ದಾಗಿಸ್‌ಗೆ ಅಳದೆ ಹೋಗಲು ಕಲಿತಿದ್ದ ಮಗಳು, ಎಲ್ಲರೂ ಗಂಟುಮೂಟೆ ಕಟ್ಟಬೇಕು.

ಹೊಸ ಹಾಪರ್ ಪರೀಕ್ಷಿಸುವುದು ನನ್ನ ಪಾಲಿಗೆ ಬಂದಿತ್ತು. ಹಾಪರ್ ಎಂದರೆ ಆಳೆತ್ತರದ ಉಕ್ಕಿನ ಆಲಿಕೆ. ಮೇಲಿಂದ ತೌಡು ಸುರಿದರೆ ಕೆಳಗಿನ ಸ್ಕ್ರೂ ಅದನ್ನು ಒಂದೇ ಹದದಲ್ಲಿ ಮಿಕ್ಸರ್‌ಗೆ ತಳ್ಳಬೇಕು. ತೌಡು ತುಸು ತೇವವಿದ್ದರೂ ಕತ್ತಿನಲ್ಲಿ ಕಚ್ಚಿಕೊಂಡು ನಿಂತುಬಿಡುತ್ತದೆ. ಪೀಣ್ಯದಲ್ಲಿ ಎಂಟು ವರ್ಷ ಇದೇ ಕೆಲಸ ಮಾಡಿದವನು ನಾನು. ನಿಂತರೆ ಒಂದು ಗುದ್ದು ಹಾಕುತ್ತಿದ್ದೆವು, ಬೀಳುತ್ತಿತ್ತು. ಬೆವರು ಒರೆಸಿಕೊಂಡದ್ದನ್ನು ಯಾರಾದರೂ ವರದಿಯಲ್ಲಿ ಬರೆಯುತ್ತಾರೆಯೇ? ಇದೂ ಹಾಗೇ.

ಇಲ್ಲೂ ಮೂರು ದಿನ ಗುದ್ದಿದೆ. 'ಎಲ್ಲೂ ನಿಲ್ಲಲಿಲ್ಲ' ಎಂದು ಬರೆದೆ. ನಾಲ್ಕನೇ ದಿನ ಪರ್ಮಿಟ್ ಕಾಗದಕ್ಕೆಂದು ಊರೊಳಗೆ ಹೋಗಿ ಬರುವಷ್ಟರಲ್ಲಿ ಯಂತ್ರ ನಾಲ್ಕು ಸಲ ನಿಂತಿತ್ತು.

ಫಿಕಾ ಅನ್ನುವ ಕಾಫಿ ವಿರಾಮದಲ್ಲಿ ಕಪ್ ಹಿಡಿದೇ ಬಾಸ್ ಕೇಳಿದರು: "ಮೂರು ದಿನ ಸರಿ ಇತ್ತಲ್ಲ, ಇವತ್ತು ಏನು ಬದಲಾಯ್ತು?" ಈ ದೇಶದಲ್ಲಿ ಮೇಜಿನ ಸುತ್ತ ಒಬ್ಬರನ್ನೂ ಬಿಡದೆ ಕೇಳುತ್ತಾರೆ. ಎಲ್ಲರೂ ತೌಡನ್ನೇ ದೂರಿದರು. ಸರದಿ ನನ್ನ ಹತ್ತಿರ ಬಂತು. ತೌಡು ಅಂದುಬಿಟ್ಟರೆ ಮುಗಿಯಿತು. ಆದರೆ ಬಾಯಿ ಬರಲಿಲ್ಲ.

"ನಾನು ಗುದ್ದುತಾ ಇದ್ದೆ. ದಿನಕ್ಕೆ ನಾಲ್ಕೈದು ಸಲ."

"ಮತ್ತೆ ಬರೀಲಿಲ್ಲ ಯಾಕೆ?" ಬಾಸ್ ಕೇಳಿದರು.

"ಅದೂ ಕೆಲಸಾನೇ ಅಂದ್ಕೊಂಡಿದ್ದೆ."

ಆ ಯಂತ್ರ ನಡೆಸುವ ಆಪರೇಟರ್, ನಿವೃತ್ತಿಗೆ ಹತ್ತಿರವಾಗಿದ್ದ ಹೆಂಗಸು, ಕಪ್ ಕೆಳಗಿಟ್ಟರು. "ಕೆಲಸಾನೇ," ಅಂದರು. "ನೀನು ಟೆಸ್ಟ್ ಮುಗಿಸಿ ಹೋದಮೇಲೆ ನನ್ನ ಕೆಲಸ." ಬಲಗೈ ಎತ್ತಿ ತೋರಿಸಿದರು. ಅದು ಎದೆಮಟ್ಟಕ್ಕೆ ಬಂದು ನಿಂತಿತು, ಬೆರಳುಗಳೂ ಪೂರ್ತಿ ಮಡಚಿಕೊಳ್ಳಲಿಲ್ಲ. ಹಳೇ ಹಾಪರ್‌ಗೆ ಹತ್ತೊಂಬತ್ತು ವರ್ಷ ಗುದ್ದಿದ ಕೈ. ನನಗೆ ತಲೆ ಎತ್ತಲಾಗಲಿಲ್ಲ.

ಅಲ್ಲೇ ಕೂತು ಹೊಸ ವರದಿ ಬರೆದೆ: ಮೊದಲ ಮೂರು ದಿನದಲ್ಲಿ ಹದಿಮೂರು ಸಲ ನಿಂತಿದೆ, ಹದಿಮೂರು ಸಲ ಗುದ್ದಿದ್ದೇನೆ, ಹಾಪರ್ ವಾಪಸ್ ಕಳಿಸಬೇಕು. ಬಾಸ್ ಎರಡು ಸಲ ಓದಿದರು. "ಈಗ ಇದು ವರದಿ. ಮುಂದಿನ ತಿಂಗಳೂ ನೀನೇ ಬರೀತೀಯ," ಅಂದರು. ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದಾಗ ಕಣ್ಣು ತುಂಬಿತು.

ಕೆಳಗೆ ಆಪರೇಟರ್ ಸಹಿಯೂ ಬೇಕಿತ್ತು. ಅವರು ಪೆನ್ನನ್ನು ಎಡಗೈಗೆ ತೆಗೆದುಕೊಂಡು, ಒಂದನೇ ಕ್ಲಾಸಿನ ಮಕ್ಕಳ ಹಾಗೆ ಒಂದೊಂದೇ ಅಕ್ಷರ ಬರೆದರು.