ಕೆಂಪು ಸಿಗ್ನಲ್ಲಿನಲ್ಲಿ ಕೇಳಿದ ಚರಿತ್ರೆ

ಬೂದು ಬಣ್ಣದ ಉಣ್ಣೆಯ ಕಾಲುಚೀಲ, ಹೆಬ್ಬೆರಳ ಜಾಗದಲ್ಲಿ ಕೆಂಪು ದಾರದ ತೇಪೆ. ಡ್ರೈವಿಂಗ್ ಮೇಷ್ಟ್ರು ಎಂದರೆ ನನಗೆ ಮೊದಲು ನೆನಪಾಗುವುದು ಅವರ ಮುಖವಲ್ಲ, ಆ ಬಲಗಾಲು. ಕಲಿಸುವವರ ಸೀಟಿನ ಮುಂದೆಯೂ ಒಂದು ಬ್ರೇಕು ಇರುತ್ತದಲ್ಲ, ಅದರ ಮೇಲೆ ಎರಡು ಬೆರಳಗಲ ಎತ್ತರದಲ್ಲಿ ಆ ಪಾದ ಸದಾ ತೂಗುತ್ತಿತ್ತು. ಹೊರಗೆ ಮೊಣಕಾಲುದ್ದ ಹಿಮ ಬಿದ್ದಿದ್ದರೂ ಕಾರು ಹತ್ತಿದ ಕೂಡಲೇ ಬೂಟು ಬಿಚ್ಚಿ, ಪ್ಲಾಸ್ಟಿಕ್ ತಟ್ಟೆಯೊಂದರಲ್ಲಿಟ್ಟು, ಕಾಲುಚೀಲದಲ್ಲಿಯೇ ಕೂರುತ್ತಿದ್ದರು. ಬ್ರೇಕು ಅಂಗಾಲಿಗೆ ತಿಳಿಯಬೇಕು, ಬೂಟಿಗೆ ತಿಳಿದು ಏನು ಪ್ರಯೋಜನ ಎನ್ನುವುದು ಅವರ ವಾದ.

ನನಗೆ ಲೈಸೆನ್ಸ್ ಬಂದದ್ದು ಅವರಿಂದ. ಅವರ ಲೈಸೆನ್ಸ್ ಹೋದದ್ದು ನನ್ನ ಕೈಯಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇದನ್ನು ಮುಚ್ಚಿಟ್ಟುಕೊಂಡು ಅವರ ಬಗ್ಗೆ ಒಳ್ಳೆಯ ಮಾತು ಬರೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ತೊಂಬತ್ತರ ದಶಕದ ನಡುವೆ ನಾನು ಮೈಸೂರಿನಿಂದ ಕೆನಡಾದ ಮೆಡೋವೇಲ್‌ಗೆ ಬಂದಿಳಿದೆ. ಗಂಡ ಬೆಳಿಗ್ಗೆ ಕಾರು ತೆಗೆದುಕೊಂಡು ಆಫೀಸಿಗೆ ಹೋದರೆ ನಾನು ಮನೆಯಲ್ಲಿ ಬಂದಿ. ಹಾಲು ಮುಗಿದರೂ ಸಂಜೆಯವರೆಗೆ ಕಾಯಬೇಕು. ಮೈಸೂರಿನಲ್ಲಿ ಮೊಪೆಡ್ಡಿನ ಮೇಲೆ ಊರೆಲ್ಲ ಸುತ್ತಿದವಳು ಇಲ್ಲಿ ಆರು ಸಾಲಿನ ರಸ್ತೆ ನೋಡಿ ಬೆವೆತುಹೋಗಿದ್ದೆ. ಗಂಡ ಕಲಿಸಲು ಹೋಗಿ ಎರಡನೆಯ ದಿನವೇ ನಮ್ಮಿಬ್ಬರಲ್ಲಿ ಮಾತು ನಿಂತಿತು. ಆಗ ಕನ್ನಡ ಸಂಘದ ಯಾರೋ ಈ ಮೇಷ್ಟ್ರ ಫೋನ್ ನಂಬರ್ ಕೊಟ್ಟರು.

ಅವರು ಉಡುಪಿ ಕಡೆಯವರು, ಮನೆಮಾತು ತುಳು. ಯೌವನವೆಲ್ಲ ಕುವೈತಿನಲ್ಲಿ, ಒಂದು ಜರ್ಮನ್ ಕಾರು ಕಂಪನಿಯ ವರ್ಕ್‌ಶಾಪಿನಲ್ಲಿ ಕಳೆದಿತ್ತು. ಯುದ್ಧ ಬಂತು, ವರ್ಕ್‌ಶಾಪು ಹೋಯಿತು, ಹೆಂಡತಿಯೊಂದಿಗೆ ಕೆನಡಾಕ್ಕೆ ಬಂದರು. ಅಲ್ಲಿನ ಸರ್ಟಿಫಿಕೇಟುಗಳಿಗೆ ಇಲ್ಲಿ ಕಿಮ್ಮತ್ತಿಲ್ಲ. ಕೆಲಕಾಲ ಬೋಲ್ಟನ್ನಿನ ವೇರ್‌ಹೌಸೊಂದರಲ್ಲಿ ಪೆಟ್ಟಿಗೆ ಹೊತ್ತು, ಕೊನೆಗೆ ಅದೇ ಕಂಪನಿಯ ಹಳೆಯ ಡೀಸೆಲ್ ಕಾರೊಂದನ್ನು ಹುಡುಕಿ ತಂದು, ಅದಕ್ಕೆ ಎರಡನೆಯ ಬ್ರೇಕು ಹಾಕಿಸಿ, ನಮ್ಮಂಥ ಹೆದರುಪುಕ್ಕಲರಿಗೆ ಮೇಷ್ಟ್ರಾದರು. ಕಂಪನಿಯ ಹೆಸರನ್ನು ಅವರು ಬಾಯಿಬಿಟ್ಟು ಹೇಳಿದ್ದು ನಾನು ಕೇಳಿಲ್ಲ. ಅವರಿಗದು ಯಾವಾಗಲೂ "ನಮ್ಮ ಕಂಪನಿ". ನಾನೂ ಹಾಗೆಯೇ ಇರಗೊಡುತ್ತೇನೆ.

ಅವರು ಕಲಿಸುವ ಕ್ರಮ ವಿಚಿತ್ರ. ಸಿಗ್ನಲ್ ಕೆಂಪಾದರೆ ಕಥೆ ಶುರು, ಹಸಿರಾದರೆ ಕಥೆ ಬಂದ್. ಒಂದು ಕಂಪನಿಯ ನೂರು ವರ್ಷದ ಚರಿತ್ರೆಯನ್ನು ನಾನು ಡೆರಿ ರೋಡಿನ ಕೆಂಪು ದೀಪಗಳಲ್ಲಿ ತುಂಡು ತುಂಡಾಗಿ ಕೇಳಿದೆ. ಮೊದಲ ದಿನ ನಾನು ಸ್ಟೀರಿಂಗಿಗೆ ಜೋತುಬಿದ್ದಿದ್ದನ್ನು ನೋಡಿ ಅವರು ಹೇಳಿದ್ದು ಹೀಗೆ:

"ಹೆದ್ರುದು ಎಂತಕ್ಕೆ ಅಮ್ಮ? ಪ್ರಪಂಚದಲ್ಲಿ ಮೊದ್ಲು ಕಾರಲ್ಲಿ ದೂರ ಹೋದದ್ದು ಯಾರು ಗೊತ್ತುಂಟಾ? ಹೆಂಗಸು. ನಮ್ಮ ಕಂಪನಿಯ ಕಾರು ಮಾಡಿದವನ ಹೆಂಡ್ತಿ. ಗಂಡ ಮಲಗಿದ್ದಾಗ, ಅವನಿಗೆ ಹೇಳದೆ, ಎರಡು ಮಕ್ಕಳನ್ನು ಕೂರಿಸ್ಕೊಂಡು ಮೂರು ಚಕ್ರದ ಗಾಡಿಯಲ್ಲಿ ಅಮ್ಮನ ಮನೆಗೆ ಹೊರಟದ್ದು."

ಅಷ್ಟರಲ್ಲಿ ಹಸಿರು. ಮುಂದಿನ ಕೆಂಪಿನವರೆಗೆ ನನ್ನ ತಲೆಯಲ್ಲಿ ಆ ಹೆಂಗಸು ಏನಾದಳೋ ಎನ್ನುವ ಚಿಂತೆ. ಭಯಕ್ಕೆ ಜಾಗವಿರಲಿಲ್ಲ. ದಾರಿಯಲ್ಲಿ ಎಣ್ಣೆ ಮುಗಿದಾಗ ಔಷಧಿ ಅಂಗಡಿಯಲ್ಲಿ ಕೊಂಡಳಂತೆ, ಪೈಪು ಕಟ್ಟಿಕೊಂಡಾಗ ಹ್ಯಾಟಿನ ಪಿನ್ನಿನಲ್ಲಿ ಬಿಡಿಸಿದಳಂತೆ. ಇಳಿಜಾರಿನಲ್ಲಿ ಬ್ರೇಕಿನ ಮರ ಸವೆದುಹೋದಾಗ ಚಮ್ಮಾರನ ಹತ್ತಿರ ಹೋಗಿ ಅದಕ್ಕೆ ಚರ್ಮ ಹೊಡೆಸಿದಳಂತೆ. "ಈಗ ಎಲ್ಲ ಕಾರಿನ ಬ್ರೇಕಲ್ಲೂ ಪ್ಯಾಡ್ ಉಂಟಲ್ಲ, ಅದು ಆ ಹೆಂಗಸಿನ ತಲೆ. ನೀವೀಗ ಮೆಲ್ಲ ಬ್ರೇಕ್ ಒತ್ತಿ, ಅವಳನ್ನು ನೆನೆಸ್ಕೊಂಡು."

ಪ್ರತಿ ಪಾಠಕ್ಕೂ ಒಂದು ಮಾಡೆಲ್. ರಿವರ್ಸ್ ಕಲಿಸುವ ದಿನ, ಹಿಂಭಾಗದಲ್ಲಿ ಮೀನಿನ ರೆಕ್ಕೆಯಂತೆ ಎರಡು ಏಣು ಎದ್ದಿದ್ದ ಹಳೆಯ ಮಾಡೆಲಿನ ಕಥೆ. ಜನ ಅದನ್ನು ಶೋಕಿ ಎಂದುಕೊಂಡಿದ್ದರು, ನಿಜದಲ್ಲಿ ಅದು ಹಿಂದೆ ತೆಗೆಯುವಾಗ ಕಾರು ಎಲ್ಲಿ ಮುಗಿಯುತ್ತದೆ ಎಂದು ತೋರಿಸುವ ಗುರುತು. ಹೆದ್ದಾರಿಗೆ ಮೊದಲು ಕರೆದೊಯ್ದ ದಿನ, ಗುದ್ದಿದರೆ ಮೂತಿ ತಾನು ನುಜ್ಜುಗುಜ್ಜಾಗಿ ಒಳಗಿನವರನ್ನು ಉಳಿಸುವಂತೆ ಕಟ್ಟಿದ ಮಾಡೆಲಿನ ಕಥೆ. ಅದಕ್ಕಿಂತ ಮುಂಚಿನ ಕಾರುಗಳು ಕಲ್ಲಿನಂತೆ ಗಟ್ಟಿ, ಕಾರಿಗೇನೂ ಆಗುತ್ತಿರಲಿಲ್ಲ, ಸಾಯುವವರು ಒಳಗಿನವರು. ಕುವೈತಿನ ಟ್ಯಾಕ್ಸಿಗಳ ಡೀಸೆಲ್ ಮಾಡೆಲ್ ಬಗ್ಗೆ ಹೇಳುವಾಗ ಮಾತ್ರ ಅವರ ದನಿ ಮೆತ್ತಗಾಗುತ್ತಿತ್ತು. ಮರಳಿನ ಬಿರುಗಾಳಿಯಲ್ಲಿ ಏರ್ ಫಿಲ್ಟರ್ ಕೊಡವಿ ಹಾಕಿದರೆ ಮತ್ತೆ ಓಡುತ್ತಿತ್ತಂತೆ. "ಅದರ ಸೌಂಡು ಕೇಳಿದ್ರೆ ಸಾಕು, ಎಂತ ಕಾಯಿಲೆ ಅಂತ ಹೇಳ್ತಿದ್ದೆ ನಾನು."

ಇನ್ನೊಂದು ಕ್ರಮವಿತ್ತು. ನೋಡಿದ್ದನ್ನೆಲ್ಲ ಬಾಯಲ್ಲಿ ಹೇಳಬೇಕು. ಎಡಗಡೆ ಸೈಕಲ್, ಬಲಗಡೆ ಬಸ್ಸು, ಮುಂದೆ ಅಜ್ಜಿ ರಸ್ತೆ ದಾಟುತ್ತಿದ್ದಾರೆ, ಹಿಂದೆ ಟ್ರಕ್ಕು. ಹೇಳದೆ ಸುಮ್ಮನಿದ್ದರೆ ಗದರಿಕೆ. "ನಿಮ್ಮ ಕಣ್ಣು ಎಂತ ನೋಡ್ತು ಅಂತ ನನಗೆ ಹೇಗೆ ಗೊತ್ತಾಗ್ಬೇಕು? ಬಾಯಲ್ಲಿ ಹೇಳಿ ಅಮ್ಮ." ಮನೆಗೆ ಬಂದಮೇಲೂ ನನಗೆ ಅದೇ ಚಾಳಿ, ಗಂಡನ ಪಕ್ಕ ಕೂತರೆ ಬಾಯಿ ಮುಚ್ಚುತ್ತಿರಲಿಲ್ಲ. ಅವರು ತಲೆ ಚಚ್ಚಿಕೊಳ್ಳುತ್ತಿದ್ದರು.

ಎರಡು ಸಲ ರೋಡ್ ಟೆಸ್ಟಿನಲ್ಲಿ ಡುಮ್ಕಿ ಹೊಡೆದೆ. ಮೂರನೆಯ ಸಲ ಪಾಸಾಗಿ ಬಂದು ಹೇಳಿದಾಗ ಮೇಷ್ಟ್ರು ಖುಷಿ ತೋರಿಸಲಿಲ್ಲ, ಬೂಟು ಹಾಕಿಕೊಳ್ಳುತ್ತ, "ಇನ್ನು ಯಾರಲ್ಲೂ ಕೇಳ್ಲಿಕ್ಕೆ ಹೋಗ್ಬೇಡಿ, ಹೋಗ್ಬೇಕಾದಲ್ಲಿಗೆ ಹೋಗಿ" ಎಂದರು. ಅದೇ ವರ್ಷ ನನಗೆ ಮಿಸ್ಸಿಸಾಗದ ಒಂದು ಕಣ್ಣಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ಕೆಲಸ ಸಿಕ್ಕಿತು. ಕ್ರಮೇಣ ಯಂತ್ರಗಳನ್ನು ನಡೆಸುವುದನ್ನೂ ಕಲಿಸಿದರು. ಕಾರು ಓಡಿಸಲು ಬಾರದಿದ್ದರೆ ಅಲ್ಲಿಗೆ ಹೋಗುವ ದಾರಿಯೇ ಇರಲಿಲ್ಲ. ಆ ಕೆಲಸ, ಆ ಸಂಬಳ, ಈ ದೇಶದಲ್ಲಿ ನಾನೂ ಒಬ್ಬ ವ್ಯಕ್ತಿ ಎನ್ನುವ ಭಾವನೆ, ಎಲ್ಲವೂ ಆ ಎರಡನೆಯ ಬ್ರೇಕಿನ ದಯೆ.

ಏಳೆಂಟು ವರ್ಷ ಕಳೆದವು. ನಮ್ಮ ಪೈಕಿ ಯಾರೇ ಹೊಸಬರು ಬಂದರೂ ಮೇಷ್ಟ್ರ ಹತ್ತಿರವೇ ಕಲಿಯುವುದು ಪದ್ಧತಿಯಾಗಿಬಿಟ್ಟಿತ್ತು. ಒಮ್ಮೆ ರಾಜ್ಯೋತ್ಸವದ ಊಟದ ಸಾಲಿನಲ್ಲಿ, ಬೆಂಗಳೂರಿನಿಂದ ಹೊಸದಾಗಿ ಬಂದಿದ್ದ ಹುಡುಗಿಯೊಬ್ಬಳು ಚಿತ್ರಾನ್ನದ ತಟ್ಟೆ ಹಿಡಿದುಕೊಂಡು ನನ್ನ ಹತ್ತಿರ ಹೇಳಿದಳು: "ಅಕ್ಕಾ, ಮೊನ್ನೆ ಟರ್ನ್ ಮಾಡುವಾಗ ಸೈಡಿಂದ ಸೈಕಲ್ಲೋನು ಬಂದ್ಬಿಟ್ಟ. ಟೆನ್ಷನ್ನಲ್ಲಿ ನಾನು ಬಾಯಲ್ಲಿ ಹೇಳೋಕೆ ಮರೆತೆ. ಮೇಷ್ಟ್ರು ಕಾಲೇ ಅಲ್ಲಾಡಿಸಲಿಲ್ಲ ಅಕ್ಕ, ನಾನೇ ಬ್ರೇಕ್ ಹಾಕಿದ್ದು." ನಿನಗೆ ಬರುತ್ತೆ ಅಂತ ಸುಮ್ಮನಿದ್ದಾರೆ ಬಿಡು, ಎಂದು ನಾನು ನಕ್ಕೆ. ನಕ್ಕಿದ್ದು ಬಾಯಿ ಮಾತ್ರ. ಕಣ್ಣಿನ ಕ್ಲಿನಿಕ್ಕಿನಲ್ಲಿ ಅಷ್ಟು ವರ್ಷ ಇದ್ದವಳಿಗೆ ಒಳಗೆ ಏನೋ ಚುಚ್ಚಿತು.

ಮರು ತಿಂಗಳು ಮೇಷ್ಟ್ರು ತಾವಾಗಿಯೇ ನಮ್ಮ ಕ್ಲಿನಿಕ್ಕಿಗೆ ಬಂದರು. ಕನ್ನಡಕ ಬದಲಿಸಬೇಕು ಎಂದರು. ಗೋಡೆಯ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಸಲೀಸಾಗಿ ಓದಿ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಆದರೆ ನಮ್ಮ ಡಾಕ್ಟರ್, ಮಾರ್ಕಮ್ ಊರಿನಿಂದ ಬರುತ್ತಿದ್ದ ಚೀನೀ ಮೂಲದ ಹೆಂಗಸು, ಬಲು ಸೂಕ್ಷ್ಮ. ಕಣ್ಣೊಳಗೆ ದೀಪ ಹಾಯಿಸಿ ನೋಡಿ, ಅಕ್ಕಪಕ್ಕದ ದೃಷ್ಟಿ ಅಳೆಯುವ ಯಂತ್ರಕ್ಕೆ ಕೂರಿಸು ಎಂದು ನನಗೆ ಹೇಳಿದರು.

ಆ ಯಂತ್ರ ಒಂದು ಬಿಳಿ ಬೋಗುಣಿ. ಅದರೊಳಗೆ ಗಲ್ಲ ಊರಿ, ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು. ಸುತ್ತ ಅಲ್ಲೊಂದು ಇಲ್ಲೊಂದು ಸಣ್ಣ ಬೆಳಕು ಮಿನುಗುತ್ತದೆ. ಕಂಡಾಗಲೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು. ಬೆಳಕು ಎಲ್ಲಿ ಬಿತ್ತು ಎನ್ನುವುದು ಪಕ್ಕದ ಪರದೆಯಲ್ಲಿ ನನಗೆ ಕಾಣುತ್ತಿರುತ್ತದೆ. ಮಂಕು ದೀಪದ ಕೋಣೆಯಲ್ಲಿ ನಾವಿಬ್ಬರೇ. ಶುರು ಮಾಡಿದೆ. ನಡುವಿನ ಬೆಳಕಿಗೆ ಟಕ್ ಎಂದು ಒತ್ತಿದರು. ಆಮೇಲೆ ಎಡಕ್ಕೆ ಬಿತ್ತು, ಸದ್ದಿಲ್ಲ. ಮೇಲೆ ಬಿತ್ತು, ಸದ್ದಿಲ್ಲ. ಬಲತುದಿಗೆ ಮೂರು ಬಿದ್ದವು, ಒಂದಕ್ಕೂ ಸದ್ದಿಲ್ಲ. ಸೈಕಲ್ಲುಗಳು, ಬಸ್ಸುಗಳು, ರಸ್ತೆ ದಾಟುವ ಅಜ್ಜಿಯರು ಬರುವ ಜಾಗವೆಲ್ಲ ಖಾಲಿ. ನಾನು ಕಲಿಯುವಾಗಲೇ ಇದು ಶುರುವಾಗಿತ್ತೋ ಏನೋ. ನಮ್ಮ ಬಾಯಿಂದ ಕೇಳಿದ್ದರ ಮೇಲೆಯೇ ಅವರ ಕಾಲು ಎಷ್ಟು ವರ್ಷದಿಂದ ನಡೆಯುತ್ತಿತ್ತೋ ದೇವರಿಗೇ ಗೊತ್ತು.

ಅವರಿಗೂ ತಿಳಿಯುತ್ತಿತ್ತು. ಒಂದು ಬೆಳಕಿಗೂ ಇನ್ನೊಂದಕ್ಕೂ ನಡುವೆ ಇಷ್ಟು ಹೊತ್ತು ಖಾಲಿ ಇರುವುದಿಲ್ಲ ಎಂದು ಲೆಕ್ಕ ಹಾಕಿರಬೇಕು. ಗಲ್ಲ ಎತ್ತದೆ, ಕಣ್ಣು ಕದಲಿಸದೆ, ಬಹಳ ಮೆತ್ತಗೆ ಹೇಳಿದರು:

"ಬಾಯಲ್ಲಿ ಹೇಳಿ ಅಮ್ಮ."

ಈಗ, ಎಂದು ಒಂದೊಂದು ಬೆಳಕಿಗೂ ಪಿಸುಗುಟ್ಟಿದ್ದರೆ ಸಾಕಿತ್ತು. ಬಾಗಿಲು ಮುಚ್ಚಿತ್ತು, ಕನ್ನಡ ಆ ಕ್ಲಿನಿಕ್ಕಿನಲ್ಲಿ ಇನ್ಯಾರಿಗೂ ಬರುತ್ತಿರಲಿಲ್ಲ. ಚಿತ್ರಾನ್ನದ ತಟ್ಟೆ ಹಿಡಿದು ನಿಂತಿದ್ದ ಆ ಹುಡುಗಿಯ ಮುಖ ಕಣ್ಣೆದುರು ಬಂತು. ನಾನು ಹೇಳಲಿಲ್ಲ. ಪರದೆಯ ಮೇಲೆ ಬೆಳಕು ಬೀಳುತ್ತಲೇ ಇತ್ತು, ಅವರು ಗುಂಡಿಯ ಮೇಲೆ ಹೆಬ್ಬೆರಳಿಟ್ಟು ಕಾಯುತ್ತಲೇ ಇದ್ದರು. ಎರಡು ಕಣ್ಣಿಗೂ ಸೇರಿ ಹದಿನೈದು ನಿಮಿಷ ಹಿಡಿಯಿತು. ನನ್ನ ಬದುಕಿನಲ್ಲಿ ಅಷ್ಟು ಉದ್ದದ ಹದಿನೈದು ನಿಮಿಷ ಇನ್ನೊಂದಿಲ್ಲ.

ಗ್ಲಾಕೋಮಾ, ಹೋದದ್ದು ವಾಪಸು ಬರುವುದಿಲ್ಲ, ಎಂದು ಡಾಕ್ಟರ್ ಹೇಳಿದರು. ಇಂಥವರು ಕಾರು ಓಡಿಸಬಾರದು ಎಂದು ಸರ್ಕಾರಕ್ಕೆ ತಿಳಿಸುವುದು ಇಲ್ಲಿ ಕಾನೂನು. "ಸಾರಿ, ಐ ಹ್ಯಾವ್ ನೋ ಚಾಯ್ಸ್" ಎಂದು ಅವರು ಮೇಷ್ಟ್ರ ಭುಜ ಮುಟ್ಟಿದರು. ಫಾರಂ ತುಂಬಿ ಸಹಿ ಹಾಕಿ ನನ್ನ ಮೇಜಿನ ಮೇಲಿಟ್ಟರು. ಫ್ಯಾಕ್ಸ್ ಮಾಡುವುದು ನನ್ನ ಕೆಲಸ.

ಮೇಷ್ಟ್ರು ಕೌಂಟರಿನ ಹತ್ತಿರ ಬಂದು ನಿಂತರು. "ಒಂದು ತಿಂಗಳು ಬಿಟ್ಟು ಕಳಿಸ್ಲಿಕ್ಕೆ ಆಗುದಿಲ್ವಾ? ನಾಲ್ಕು ಜನರ ರೋಡ್ ಟೆಸ್ಟ್ ಉಂಟು. ಅರ್ಧಕ್ಕೆ ಬಿಟ್ರೆ ಅವರು ಪುನಃ ಹೆದರ್ತಾರೆ."

"ನನ್ನ ಕೈಲಿ ಏನೂ ಇಲ್ಲ ಮೇಷ್ಟ್ರೇ" ಎಂದೆ. ಕೈಯಲ್ಲಿ ಆ ಕಾಗದವೇ ಇತ್ತು.

"ಹೌದು, ನೀವಾದ್ರೂ ಎಂತ ಮಾಡುದು" ಎಂದರು. ಹೋಗುವಾಗ ಬಾಗಿಲಿನ ಚೌಕಟ್ಟಿಗೆ ಭುಜ ತಗುಲಿತು. ಅದನ್ನೂ ಅವರು ನೋಡಿರಲಿಲ್ಲ. ನಾನು ಫ್ಯಾಕ್ಸ್ ಕಳಿಸಿದೆ, ಬಾತ್ರೂಮಿಗೆ ಹೋಗಿ ಅತ್ತೆ, ಮುಖ ತೊಳೆದು ಬಂದು ಮುಂದಿನ ಪೇಷೆಂಟಿನ ಹೆಸರು ಕರೆದೆ.

ಲೈಸೆನ್ಸ್ ರದ್ದಾದ ಪತ್ರ ಬೇಗ ಬಂತು. ಕಾರು ಒಂದು ಚಳಿಗಾಲವಿಡೀ ಅವರ ಮನೆ ಮುಂದೆ ಹಿಮದ ಕೆಳಗೆ ನಿಂತಿತ್ತು. ವಾರಕ್ಕೊಮ್ಮೆ ಅವರು ಹಿಮ ಕೆರೆದು ಇಂಜಿನ್ ಹಾಕಿ, ಒಳಗೆ ಕೂತು ಸೌಂಡು ಕೇಳಿ, ಆರಿಸುತ್ತಿದ್ದರಂತೆ. ರಸ್ತೆಯ ಉಪ್ಪು ಅದರ ಹೊಟ್ಟೆಯನ್ನು ಮೊದಲೇ ತಿಂದಿತ್ತು. ವಸಂತದಲ್ಲಿ ಯಾರೋ ಗುಜರಿಯವರು ಬಂದು ಎಳೆದುಕೊಂಡು ಹೋದರು.

ಕಣ್ಣಿಗೆ ಹಾಕುವ ಹನಿ ಔಷಧಿಗಾಗಿ ಅವರು ನಮ್ಮ ಕ್ಲಿನಿಕ್ಕಿಗೆ ಬರುವುದನ್ನು ಮಾತ್ರ ಬಿಡಲಿಲ್ಲ. ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ಒಂದು ದಿನ ವಿಪರೀತ ಗಾಳಿ, ಬಸ್ ಸ್ಟಾಪಿನಲ್ಲಿ ನಿಂತಿದ್ದ ಮೇಷ್ಟ್ರ ಮುಂದೆ ನನ್ನ ಕಾರು ನಿಲ್ಲಿಸಿ ಬನ್ನಿ ಎಂದು ಬೇಡಿಕೊಂಡೆ. ತಲೆ ಅಲ್ಲಾಡಿಸಿದರು.

"ಬ್ರೇಕ್ ಇಲ್ಲದ ಸೀಟಲ್ಲಿ ಕೂರ್ಲಿಕ್ಕೆ ನನಗೆ ಆಗುದಿಲ್ಲ ಅಮ್ಮ. ಕಾಲು ಸುಮ್ನೆ ಇರುದಿಲ್ಲ. ಬಸ್ಸಾದ್ರೆ ಹಿಂದೆ ಕೂತು ಕಣ್ಣು ಮುಚ್ಚಬಹುದು."

ನಿಮ್ಮ ಕಂಪನಿಯ ಹೊಸ ಮಾಡೆಲ್ ಹೇಗಿದೆ ಮೇಷ್ಟ್ರೇ ಎಂದು ಕೇಳಿದೆ. "ಈಗಿನದ್ದೆಲ್ಲ ಕಂಪ್ಯೂಟರ್ ಅಂತೆ. ಸೌಂಡೇ ಇಲ್ಲ. ನನಗೆ ಗೊತ್ತಿಲ್ಲ ಮಾರಾಯ್ರೆ" ಎಂದರು. ಬಸ್ಸು ಬಂತು. ಮೆಟ್ಟಿಲು ಎಲ್ಲಿದೆಯೆಂದು ಕಾಲಿನಿಂದ ಹುಡುಕಿ ಹತ್ತಿದರು. ನಾನು ಸ್ಟೀರಿಂಗ್ ಹಿಡಿದುಕೊಂಡು ನೋಡುತ್ತಿದ್ದೆ.

ಎರಡು ವರ್ಷದ ಬಳಿಕ ಒಂದು ಫೆಬ್ರವರಿಯಲ್ಲಿ ಹೃದಯಾಘಾತದಿಂದ ಹೋದರು. ಬ್ರಾಂಪ್ಟನ್ನಿನ ಚಿತಾಗಾರದ ಪಾರ್ಕಿಂಗಿನಲ್ಲಿ ಜಾಗವಿರಲಿಲ್ಲ, ಹೆಚ್ಚಿನ ಕಾರುಗಳಿಂದ ಇಳಿದವರು ಹೆಂಗಸರು. ಎಲ್ಲ ಮುಗಿದ ಮೇಲೆ ಅವರ ಹೆಂಡತಿಯನ್ನು ಮನೆಗೆ ಬಿಡುವ ಕೆಲಸ ನನ್ನ ಪಾಲಿಗೆ ಬಂತು. ಅವರು ಕಿಟಕಿಯ ಹೊರಗೆ ನೋಡುತ್ತಲೇ ಮಾತು ತೆಗೆದರು.

"ಲೈಸೆನ್ಸ್ ಹೋಗುದಕ್ಕೆ ಎರಡು ವರ್ಷ ಮುಂಚೆಯೇ ಬೇರೆ ಡಾಕ್ಟ್ರು ಆ ಮೆಷಿನ್ ಟೆಸ್ಟ್ ಮಾಡಿಸಿ ಅಂದಿದ್ರು. ಇವರು ಹೋಗ್ಲೇ ಇಲ್ಲ. ಮತ್ತೆ ನೀವು ಕಣ್ಣಿನ ಕ್ಲಿನಿಕ್ಕಲ್ಲಿ ಇದ್ದೀರಿ ಅಂತ ಯಾರೋ ಹೇಳಿದ್ರು. ಅವತ್ತು ಬೆಳಿಗ್ಗೆ ಎಷ್ಟು ಖುಷಿಯಲ್ಲಿ ಹೊರಟದ್ದು ಗೊತ್ತುಂಟಾ. ಅಲ್ಲಿ ನಮ್ಮ ಹುಡುಗಿ ಇದ್ದಾಳೆ, ಎಂತಾದ್ರೂ ಮಾಡ್ತಾಳೆ ಅಂತ ಹೇಳಿಯೇ ಹೋದ್ರು."

ಆ ಮಾತಿನಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಆಮೇಲೆ ಅವರು ನನ್ನ ಕಡೆ ತಿರುಗಿ ಕೇಳಿದರು: "ನಿಮ್ಮತ್ರ ಕೇಳಿದ್ರಾ?"

"ಇಲ್ಲ ಆಂಟಿ, ಏನೂ ಕೇಳಲಿಲ್ಲ" ಎಂದೆ.

"ಅವರು ಹಾಗೆಯೇ, ಬಾಯಿ ಬಿಟ್ಟು ಕೇಳುವವರಲ್ಲ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರು ನನ್ನನ್ನು ನಂಬಿದರು.