ಒಣಗದ ಊರಿನಲ್ಲಿ ಮಾಂಸ ವಿಜ್ಞಾನ

ಕಾರವಾರಕ್ಕೆ ಬಂದ ಮರುದಿನ ಬೆಳಿಗ್ಗೆ ಅವ್ವ ಕಟ್ಟಿಕೊಟ್ಟಿದ್ದ ಕಡಕ್ ರೊಟ್ಟಿಯ ಗಂಟು ಬಿಚ್ಚಿದೆ. ಮುರಿಯಲು ಹೋದರೆ ರೊಟ್ಟಿ ಮುರಿಯಲಿಲ್ಲ, ಬಟ್ಟೆಯ ಹಾಗೆ ಮಡಚಿಕೊಂಡಿತು. ಗದಗಿನ ಹತ್ತಿರದ ನಮ್ಮೂರಿನಲ್ಲಿ ವಾರಗಟ್ಟಲೆ ಗರಿಗರಿಯಾಗಿ ಉಳಿಯುವ ರೊಟ್ಟಿ ಅದು. ತೊಟ್ಟುಕೊಳ್ಳಲು ತೆಗೆದ ಕುಪ್ಪಸವೂ ಹಸಿ. ಹಾಸಿಗೆ ಹಸಿ. ಉಪ್ಪಿನ ಡಬ್ಬಿಯಲ್ಲಿ ನೀರು. ಹೊರಗೆ ಮಳೆ ನಿಂತಿತ್ತು, ಆದರೂ ಗಾಳಿಯನ್ನು ಹಿಂಡಿದರೆ ಲೋಟ ತುಂಬುವಂತಿತ್ತು. 2004ರ ಜೂನ್ ಅದು. ಇಂಥ ಊರಿನಲ್ಲಿ ಎರಡು ಮಳೆಗಾಲ ಕಳೆಯಬೇಕು ಎಂದು ನೆನೆದು ಮೆತ್ತಗಾದ ರೊಟ್ಟಿಯನ್ನೇ ಚಟ್ನಿಪುಡಿಯ ಜೊತೆ ತಿಂದೆ.

ನಮ್ಮ ಕಡೆಯ ಜನ ನನ್ನನ್ನು ಕಂಡಾಗಲೆಲ್ಲ ಕೇಳುವ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಇಲ್ಲ, ನಾನು ಮಾಂಸ ತಿನ್ನುವುದಿಲ್ಲ. ನಮ್ಮದು ಮೊಟ್ಟೆಯನ್ನೂ ಹೊಸ್ತಿಲೊಳಗೆ ತರದ ಮನೆ. ನನ್ನ ಕೊರಳಲ್ಲಿ ಲಿಂಗ ಇದೆ. ನಾನು ಸಂಶೋಧನೆ ಮಾಡಿದ್ದು ಮಾತ್ರ ಮಾಂಸ ವಿಜ್ಞಾನದಲ್ಲಿ. ಪಶುವೈದ್ಯಕೀಯ ಓದುವಾಗ, ಸತ್ತ ಪ್ರಾಣಿಯ ಸ್ನಾಯು ಮೊದಲು ಸೆಟೆದು ಆಮೇಲೆ ತಾನಾಗಿ ಸಡಿಲವಾಗುವುದನ್ನು ಕಂಡೆ. ಉಸಿರು ನಿಂತ ಮೇಲೂ ಒಳಗೆ ಇಷ್ಟೆಲ್ಲ ಕೆಲಸ ನಡೆಯುತ್ತದೆಯೇ ಎಂದು ಬೆರಗಾಯಿತು. ಅಷ್ಟೇ ಕಾರಣ. ಗಂಡುಹುಡುಗರಾದರೆ ಇಷ್ಟು ಕಾರಣ ಸಾಕಾಗುತ್ತದೆ. ನನ್ನ ದೊಡ್ಡಪ್ಪನ ಮಗ ಬಸಣ್ಣ ಮುಂಬೈಯಲ್ಲಿ ಕಣ ಭೌತಶಾಸ್ತ್ರದ ಸಂಶೋಧನೆ ಮಾಡುತ್ತಿದ್ದ. ಅದೇನೆಂದು ನಮ್ಮೂರಿನಲ್ಲಿ ಯಾರಿಗೂ ತಿಳಿಯದು. ಆದರೂ ಅವನು ಬಸ್ಸಿಳಿದರೆ ಕಟ್ಟೆಯ ಮೇಲಿದ್ದವರು ಎದ್ದು ನಿಲ್ಲುತ್ತಿದ್ದರು.

ನಾನು ತಿಳಿಯಬೇಕಾಗಿದ್ದುದು ಸರಳವಾಗಿತ್ತು. ನಮ್ಮ ಕಡೆ ಅಂಗಡಿಯಲ್ಲಿ ತೂಗುಹಾಕಿದ ಆಡಿನ ಮಾಂಸದ ಮೇಲ್ಮೈ ಒಣಗಾಳಿಗೆ ಬೇಗ ಆರುತ್ತದೆ. ಆರಿದ ಮೇಲ್ಮೈಯಲ್ಲಿ ಸೂಕ್ಷ್ಮಜೀವಿಗಳು ಅಷ್ಟು ಸುಲಭವಾಗಿ ಬೆಳೆಯುವುದಿಲ್ಲ. ಗಾಳಿಯಲ್ಲೇ ನೀರಿರುವ ಕರಾವಳಿಯಲ್ಲಿ ಏನಾಗುತ್ತದೆ? ಮಂಜುಗಡ್ಡೆ ಇಲ್ಲದ ಸಣ್ಣ ಅಂಗಡಿಗಳು ಏನು ಮಾಡಬಹುದು? ಕಾರವಾರದ ಪೇಟೆಯಿಂದ ಮಾದರಿ ತರುವುದು, ಅಂಕೋಲೆಯ ಪಶು ಆಸ್ಪತ್ರೆಯಲ್ಲಿ ನನಗಾಗಿ ಬಿಟ್ಟುಕೊಟ್ಟಿದ್ದ ಹಳೆಯ ಔಷಧದ ಕೋಣೆಯಲ್ಲಿ ಪರೀಕ್ಷಿಸುವುದು, ಇದು ನನ್ನ ದಿನಚರಿ. ಮಳೆಗಾಲದ ಮಾದರಿಗಳಲ್ಲಿ ಒಂದು ವಾರ ತಪ್ಪಿದರೂ ಇಡೀ ವರ್ಷ ಹೋಯಿತು ಎಂದು ನನ್ನ ಮಾರ್ಗದರ್ಶಕರು ಎಚ್ಚರಿಸಿದ್ದರು.

ಮೊದಲು ಮನೆ ಸಿಕ್ಕಿದ್ದು ಕಾರವಾರದಲ್ಲಿ, ನಿವೃತ್ತ ಗುಮಾಸ್ತರೊಬ್ಬರ ಮಹಡಿಯಲ್ಲಿ. ಕೊರಳಿನ ಲಿಂಗ ನೋಡಿಯೇ ಅವರು ಬೀಗದಕೈ ಕೊಟ್ಟಿದ್ದರು. ನನ್ನ ಕೆಲಸವೇನೆಂದು ಅವರಿಗೆ ಗೊತ್ತಾದ ದಿನ ಜಗಲಿಗೆ ಕರೆದರು.

“ನೀವು ತಿನ್ನೂದಿಲ್ಲ, ಅದು ಸರಿ. ಆದ್ರೆ ಮುಟ್ತ್ರಿ ಅಲ್ಲಾ?”

“ಮುಟ್ತೀನಿ. ಕೊಯ್ತೀನಿ, ಅಳೀತೀನಿ. ಕೈ ತೊಳಕೊಂಡು ಬರ್ತೀನಿ.”

“ಹಾಗಾದ್ರೆ ಬೇರೆ ಕಡೆ ನೋಡ್ಕೊಳ್ಳಿ.”

ಬೇರೆ ಕಡೆ ಎಂದರೆ ಕಾರವಾರದ ಪಕ್ಕದ ಬಿಣಗಾ. ಹೆದ್ದಾರಿಯ ಬದಿಗೆ, ಕಾರ್ಖಾನೆಯ ಕೆಲಸಗಾರರ ಮನೆಗಳ ಸಾಲಿನ ಹಿಂದೆ ಶೇವಂತಿಬಾಯಿಯ ಹೆಂಚಿನ ಮನೆ. ಗಂಡ ತೀರಿಕೊಂಡ ಮೇಲೆ ಆಕೆ ಕೋಣೆಗಳನ್ನು ಬಾಡಿಗೆಗೆ ಕೊಡುತ್ತಿದ್ದಳು. ಅಲ್ಲಿ ನನ್ನ ಕಷ್ಟ ತಲೆಕೆಳಗಾಯಿತು.

“ನುಸ್ತೆ ತಿನ್ನೂದಿಲ್ವಾ?” ಎಂದು ಆಕೆ ಕಣ್ಣರಳಿಸಿದಳು. ನುಸ್ತೆ ಎಂದರೆ ಕೊಂಕಣಿಯಲ್ಲಿ ಮೀನು. “ಮತ್ತೆ ಅನ್ನಕ್ಕೆ ಎಂತ ಹಾಕ್ಕೊಳ್ತ್ರಿ? ನಾಳೆ ನಮ್ಮನೆ ವಾಸ್ನೆ ಆಗೂದಿಲ್ಲ ಅಂತ ಗಲಾಟೆ ಮಾಡ್ತ್ರಿ. ತಿನ್ನದವ್ರು ನಮ್ಗೆ ಬೇಡ.”

ಒಬ್ಬರು ಮುಟ್ಟುತ್ತೀ ಎಂದು ಹೊರಗೆ ಹಾಕಿದರು, ಇನ್ನೊಬ್ಬಳು ತಿನ್ನುವುದಿಲ್ಲ ಎಂದು ಒಳಗೆ ಬಿಡಲೊಲ್ಲಳು. ನನಗೆ ಸಿಟ್ಟು ನೆತ್ತಿಗೇರಿತು. ಟ್ರಂಕನ್ನು ಆಕೆಯ ಜಗಲಿಯ ಮೇಲೆ ಇಳಿಸಿ ಅದರ ಮೇಲೆಯೇ ಕೂತೆ. “ಗಲಾಟೆ ಮಾಡಿದ ದಿನ ಹೊರಗೆ ಹಾಕ್ರಿ. ಮಾಡೋಕ ಮೊದಲ ಹಾಕಬ್ಯಾಡ್ರಿ,” ಎಂದೆ. ಒಳಗಿನಿಂದ ಯಾರೋ ನಕ್ಕರು. ಕೋಲ್ಕತ್ತಾದ ಮಿತಾಲಿ, ಆ ಮನೆಯ ಇನ್ನೊಬ್ಬ ಬಾಡಿಗೆದಾರಳು. ಅಭಿವೃದ್ಧಿ ಅರ್ಥಶಾಸ್ತ್ರದ ಸಂಶೋಧಕಿ. ಇಲ್ಲಿಯ ನೌಕಾನೆಲೆಗಾಗಿ ಭೂಮಿ ಬಿಟ್ಟು ಎದ್ದುಬಂದ ಕುಟುಂಬಗಳು ಈಗ ಹೇಗೆ ಬದುಕುತ್ತಿವೆ ಎಂಬುದು ಅವಳ ವಿಷಯ. ಮೀನಿನ ಊರಿನಿಂದ ಬಂದವಳಾದ್ದರಿಂದ ಶೇವಂತಿಬಾಯಿಗೆ ಅವಳೆಂದರೆ ಪ್ರಾಣ. ಅವಳೇ ಹರುಕುಮುರುಕು ಕೊಂಕಣಿಯಲ್ಲಿ ನನ್ನ ಪರವಾಗಿ ಮಾತಾಡಿದಳು. ಮಳೆ ಜೋರಾಯಿತು. ಟ್ರಂಕು ನೆನೆಯುವುದನ್ನು ನೋಡಲಾಗದೆ ಶೇವಂತಿಬಾಯಿ ಬಾಗಿಲು ತೆರೆದಳು.

“ಬಡತನದ ಬಗ್ಗೆ ಬರೆಯುವ ನನ್ನನ್ನು ನೀನು ಬಡವಳಾ ಅಂತ ಯಾರೂ ಕೇಳುವುದಿಲ್ಲ,” ಎಂದು ಮಿತಾಲಿ ಆಮೇಲೆ ಇಂಗ್ಲಿಷಿನಲ್ಲಿ ಹೇಳಿದಳು. “ನಿನ್ನನ್ನು ಮಾತ್ರ ತಿನ್ನುತ್ತೀಯಾ ಅಂತ ಎಲ್ಲರೂ ಕೇಳುತ್ತಾರೆ.”

ಊಟಕ್ಕೆ ಹಾದಿ ಸಿಕ್ಕಿತು. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಕುಚಲಕ್ಕಿ ಅನ್ನ. ಕೋಕಂ ಹಣ್ಣನ್ನು ತೆಂಗಿನಹಾಲಿಗೆ ಹಿಂಡಿ ಮಾಡುವ ಸೋಲ್ಕಡಿ ಎಂಬ ಗುಲಾಬಿ ಬಣ್ಣದ ಸಾರು ನನಗೆ ಹಿಡಿಸಿತು. ಆದರೆ ಬಾಯಿಗೆ ಅಂಟಿದ ಜೋಳ ಬಿಡಲಿಲ್ಲ. ಕೆಲವು ಸಂಜೆ ಬಾಂಗಡೆ ಮೀನು ಹುರಿಯುವ ವಾಸನೆಗೆ ತಲೆ ಸುತ್ತಿ ಹೆದ್ದಾರಿಯ ಅಂಚಿನಲ್ಲಿ ಹೋಗಿ ನಿಲ್ಲುತ್ತಿದ್ದೆ. ಎದುರಿಗೆ ಕಡಲು. ಬಯಲಿನವಳಿಗೆ ಕಣ್ಣು ಹಾಯುವಷ್ಟು ದೂರ ಜೋಳದ ಹೊಲ ಕಂಡರೆ ಸಮಾಧಾನ. ಇಲ್ಲಿ ಕಣ್ಣು ಹಾಯುವಷ್ಟು ದೂರ ಕಾಲಿಡುವ ಜಾಗವೇ ಇರಲಿಲ್ಲ. ಅಳು ಬರುತ್ತಿತ್ತು. ಗಲಾಟೆ ಮಾತ್ರ ಮಾಡಲಿಲ್ಲ.

ಪೇಟೆಯಲ್ಲಿ ಮಟನ್ ಅಂಗಡಿಯ ಕಾಸಿಂ ಸಾಹೇಬರು ಮೊದಲ ದಿನ ನನ್ನನ್ನು ನೋಡಿದ್ದೇ ಕತ್ತಿ ಕೆಳಗಿಟ್ಟರು.

“ಮುನ್ಸಿಪಾಲ್ಟಿಯವ್ರಾ?”

“ಅಲ್ಲ. ಓದೋಕಿ. ಮಾಂಸ ತಿನ್ನಂಗಿಲ್ಲ, ಆದ್ರ ದಿನಾ ಸ್ವಲ್ಪ ಬೇಕು.”

“ತಿನ್ನೂದಿಲ್ಲ ಅಂತ್ರಿ, ಮುನ್ಸಿಪಾಲ್ಟಿಯೂ ಅಲ್ಲ ಅಂತ್ರಿ. ಮಾಂಸ ತಕ್ಕೊಂಡು ಎಂತ ಮಾಡ್ತ್ರಿ ಅಕ್ಕೋರೆ?”

ಅಕ್ಕೋರು ಎಂದರೆ ಇಲ್ಲಿ ಓದಿದ ಹೆಂಗಸರಿಗೆ, ಶಾಲೆಯ ಟೀಚರಿಗೆ ಹೇಳುವ ಮಾತು. ನಾನು ಕೆಲಸ ವಿವರಿಸಿದೆ. ಅವರಿಗೆ ನಂಬಿಕೆ ಬರಲಿಲ್ಲ. ಆದರೂ ಬೆಳಿಗ್ಗೆ ಬೆಳಿಗ್ಗೆ ಮಾದರಿ ಕೊಡಲು ಒಪ್ಪಿದರು. ಅದನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಅಂಕೋಲೆಯ ಬಸ್ಸು ಹತ್ತುತ್ತಿದ್ದೆ.

“ಡಬ್ಬಿಯಲ್ಲಿ ಎಂತ ಅಕ್ಕೋರೆ, ಬಾಂಗಡೆಯಾ?” ಎಂದು ಕಂಡಕ್ಟರ್ ಕೇಳಿದ.

“ಮಟನ್.”

“ಊಟಕ್ಕಾ?”

“ಓದ್ಲಿಕ್ಕೆ,” ಎಂದೆ. ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಕ್ಕೆ. ನಮ್ಮೂರ ಬಸ್ಸಾಗಿದ್ದರೆ ನಗುವ ಬದಲು ಪಕ್ಕದ ಸೀಟು ಖಾಲಿಯಾಗುತ್ತಿತ್ತು.

ಜಗಳವಾದದ್ದು ನೀರಿನ ವಿಷಯಕ್ಕೆ. ಮಾಂಸ ತಾಜಾ ಕಾಣಲಿ ಎಂದು ಕಾಸಿಂ ಸಾಹೇಬರು ಅದಕ್ಕೆ ಆಗಾಗ ನೀರು ಎರಚುತ್ತಿದ್ದರು. ಮೊದಲೇ ಆರದ ಗಾಳಿ, ಅದರ ಮೇಲೆ ಈ ನೀರು. ನನ್ನ ಪರೀಕ್ಷೆಗಳಲ್ಲಿ ಬೇಗ ಕೆಡುತ್ತಿದ್ದುದು ಅದೇ. ಎರಚಬೇಡಿ ಎಂದೆ. “ನೀರ್ ಹೊಡೀದಿದ್ರೆ ಗಿರಾಕಿ ಹಳೇದು ಅಂತಾರೆ. ಅಂಗಡಿ ನಿಮ್ದಾ, ನಂದಾ?” ಎಂದು ರೇಗಿದರು. ನಾನು ದಿನವೂ ಹೇಳಿದೆ, ಅವರು ದಿನವೂ ರೇಗಿದರು.

ಅದೇ ಹೊತ್ತಿಗೆ ನಮ್ಮೂರಿನವರು ಯಾರೋ ನನ್ನನ್ನು ಆ ಅಂಗಡಿಯ ಮುಂದೆ ಕಂಡು ಸುದ್ದಿ ಮುಟ್ಟಿಸಿದರು. ಜುಲೈನ ಒಂದು ಬೆಳಿಗ್ಗೆ ದೊಡ್ಡಪ್ಪ ಶೇವಂತಿಬಾಯಿಯ ಜಗಲಿಯಲ್ಲಿ ಕೂತಿದ್ದರು, ಧೋತರದ ತುಂಬ ಕೆಸರು. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಓದಿಸಿದವರು ಅವರೇ. ಒಳಗೆ ಮೀನು ಹುರಿಯುತ್ತಿತ್ತು. ಕೊಟ್ಟ ನೀರನ್ನು ಅವರು ಮುಟ್ಟಲಿಲ್ಲ.

“ಎಳನೀರಾದ್ರೂ ಕುಡೀರಿ ರಾಯ್ರೆ,” ಎಂದು ಶೇವಂತಿಬಾಯಿ ಕಾಯಿ ಕೊಚ್ಚಿ ತಂದಳು. “ಅದ್ರಲ್ಲಿ ಮೀನಿಲ್ಲ.”

ದೊಡ್ಡಪ್ಪ ಅದನ್ನೂ ಬದಿಗಿಟ್ಟರು. “ನಿನಗ ನೋಡಿದ್ದ ಸಂಬಂಧ ಮುರದು ಬಿತ್ತು. ಅಂಗಡ್ಯಾಗ ಮಾಂಸ ಹಿಡಕೊಂಡು ನಿಂತಿದ್ಲಂತ ಹೇಳಿಕಳಿಸ್ಯಾರ. ಸಾಕು. ಹೊಂಡು ಇನ್ನ.”

“ಬಸಣ್ಣ ಕಣ ಹುಡುಕಿದರ ಹೆಮ್ಮಿ, ನಾನು ಮಾಂಸ ಪರೀಕ್ಷಾ ಮಾಡಿದರ ನಾಚಿಕಿ. ಯಾಕ ದೊಡ್ಡಪ್ಪ?”

“ಅವನ ಕಣಕ್ಕ ವಾಸನಿ ಇಲ್ಲವ್ವಾ,” ಎಂದರು. ಅವರ ದನಿ ಗದರುವಂತಿರಲಿಲ್ಲ, ದಣಿದಿತ್ತು. ಗದರಿದ್ದರೆ ನನಗೆ ಸುಲಭವಾಗುತ್ತಿತ್ತು.

ಮುಂಜಾನೆಯೇ ತಂದಿಟ್ಟಿದ್ದ ಮಾದರಿಯ ಡಬ್ಬಿ ಎತ್ತಿಕೊಂಡು, ಅವರನ್ನು ಹುಬ್ಬಳ್ಳಿಯ ಬಸ್ಸು ಹತ್ತಿಸಲು ಜೊತೆಗೆ ಹೊರಟೆ. ಬಸ್ಸಿನಲ್ಲಿ ಡಬ್ಬಿ ನನ್ನ ತೊಡೆಯ ಮೇಲಿತ್ತು. ಪಕ್ಕದಲ್ಲಿ ಜಾಗವಿದ್ದರೂ ದೊಡ್ಡಪ್ಪ ದಾರಿಯುದ್ದಕ್ಕೂ ನಿಂತೇ ಬಂದರು. ಅಂಕೋಲೆಯ ಹತ್ತಿರ ಬಾಳೆಗುಳಿ ಕ್ರಾಸಿನಲ್ಲಿ ಇಳಿದೆವು. ಹುಬ್ಬಳ್ಳಿಯ ರಸ್ತೆ ಅಲ್ಲಿಂದಲೇ ಘಟ್ಟದ ಕಡೆಗೆ ತಿರುಗುತ್ತದೆ. ಲಾರಿಗಳು ನಮ್ಮ ಮೇಲೆ ಕೆಸರು ಹಾರಿಸಿ ಹೋಗುತ್ತಿದ್ದವು. ಹುಬ್ಬಳ್ಳಿಯ ಬಸ್ಸು ಬಂತು. ದೊಡ್ಡಪ್ಪ ಮೆಟ್ಟಿಲ ಮೇಲೆ ಕಾಲಿಟ್ಟು ಕೈ ಚಾಚಿದರು.

“ಹತ್ತವಾ. ನಿಮ್ಮವ್ವ ದಾರಿ ಕಾಯಾಕತ್ಯಾಳ.”

ಆ ಕೈ ಹಿಡಿದೇ ನಾನು ಶಾಲೆಗೆ ಹೋದವಳು. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

“ಓದಿಸಿದವರು ನೀವು. ಆ ಓದಽ ನನ್ನ ಇಲ್ಲಿಗೆ ಕರಕೊಂಡು ಬಂದೈತಿ. ಅರ್ಧಕ್ಕ ಬಿಟ್ಟು ಬರಂಗಿಲ್ಲ.”

“ಹಂಗಾರ ನಮ್ಮನಿಗೆ ಬರಬ್ಯಾಡ.”

“ಬರ್ತೀನಿ. ನೀವು ಕರೀಲಿಲ್ಲಂದ್ರೂ ಬರ್ತೀನಿ.”

ಬಸ್ಸು ತಿರುವಿನಲ್ಲಿ ಮರೆಯಾಯಿತು. ಮಳೆಯಲ್ಲಿ ನಿಂತು ಅತ್ತೆ. ಆಮೇಲೆ ಮಂಜುಗಡ್ಡೆ ಕರಗುತ್ತದೆಂದು ನೆನಪಾಗಿ, ಮೂಗು ಒರೆಸಿಕೊಂಡು ಅಂಕೋಲೆಯ ಬಸ್ಸಿಗೆ ಕೈ ಮಾಡಿದೆ. ಆ ದಿನದ ಮಾದರಿ ಹಾಳಾಗಲಿಲ್ಲ. ಈ ಮಾತನ್ನು ಇವತ್ತಿಗೂ ನಾನು ಎದೆ ಎತ್ತಿಯೇ ಹೇಳುತ್ತೇನೆ.

ಹದಿನೈದು ದಿನದಲ್ಲೇ ಕಾಸಿಂ ಸಾಹೇಬರು ನನ್ನ ಬಾಯಿ ಮುಚ್ಚಿಸುವುದಕ್ಕಾಗಿ ಒಂದು ಆಡಿನ ಅರ್ಧಕ್ಕೆ ನೀರು ಎರಚಿ, ಇನ್ನರ್ಧವನ್ನು ಹಾಗೇ ಬಿಟ್ಟು ಬೇರೆಬೇರೆ ತೂಗುಹಾಕಿದರು. ಮಧ್ಯಾಹ್ನ ಎರಡನ್ನೂ ಮೂಸಿದರು. ನೀರೆರಚಿದ ಅರ್ಧ ಆಗಲೇ ವಾಸನೆ ಹಿಡಿದಿತ್ತು.

“ಇದನ್ನ ಮೊದ್ಲೇ ಹೇಳ್ಬೇಕಿತ್ತು ಅಕ್ಕೋರೆ.”

“ಮೊದ್ಲಿಂದ ಅದನ್ನೇ ಹೇಳ್ತಾ ಇದ್ದೆ.”

ಅವತ್ತೇ ಅವರು ನೀರು ನಿಲ್ಲಿಸಿ, ಮಾಂಸ ಆರಲೆಂದು ಫ್ಯಾನು ತಂದರು. ಪಕ್ಕದ ಅಂಗಡಿಯವರು ತಮಾಷೆ ಮಾಡಿದರು, ಆಮೇಲೆ ಒಬ್ಬರು ತಾವೂ ಫ್ಯಾನು ತಂದರು. ಮಿತಾಲಿ ತನ್ನ ಪ್ರಬಂಧ ಮುಗಿಸಿ ಕೋಲ್ಕತ್ತಾಕ್ಕೆ ಮರಳಿದಳು. ಎರಡನೆಯ ಮಳೆಗಾಲವೂ ಮುಗಿದು ನನಗೆ ಡಾಕ್ಟರೇಟ್ ಬಂದಾಗ ಶೇವಂತಿಬಾಯಿ ಸಾಲುಮನೆಗಳಿಗೆಲ್ಲ ಸಕ್ಕರೆ ಹಂಚಿದಳು. ಎಂಥ ಡಾಕ್ಟರ್ ಎಂದು ಕೇಳಿದವರಿಗೆ, “ಮಟನ್ ಡಾಕ್ಟರ್. ಆದ್ರೆ ತಿನ್ನೂದಿಲ್ಲ, ಪಾಪ,” ಎಂದಳಂತೆ. ಅಂಕೋಲೆಯ ಅದೇ ಆಸ್ಪತ್ರೆಯಲ್ಲಿ ಪಶುವೈದ್ಯೆಯ ಕೆಲಸ ಸಿಕ್ಕಿತು. ಉಳಿದುಕೊಂಡೆ.

ಇಷ್ಟಾದರೂ ಇಲ್ಲಿಯವಳಾದೆ ಎಂದು ಹೇಳಲಾರೆ. ಸಂತೆಯಲ್ಲಿ ಬಾಯಿ ತೆರೆದರೆ “ಘಟ್ಟದ ಮೇಲಿನವ್ರಾ?” ಎಂದು ಈಗಲೂ ಕೇಳುತ್ತಾರೆ. ಹಾಗಾದರೆ ಅಲ್ಲಿಯವಳೇ? ಕಳೆದ ವರ್ಷ ಬಸಣ್ಣನ ಮದುವೆಯಾಯಿತು. ದೊಡ್ಡಪ್ಪ ಕರೆಯಲಿಲ್ಲ. ನಾನು ಹೋದೆ.

ಊಟಕ್ಕೆ ಕೂರುವಾಗ ನನ್ನ ಎಲೆಯನ್ನು ಪಂಕ್ತಿಯಿಂದ ಆಚೆ, ಕಂಬದ ಮೂಲೆಗೆ ಹಾಕಿದ್ದರು. ಅವ್ವ ನೆಲ ನೋಡುತ್ತಿದ್ದಳು. ನಾನು ಎಲೆ ಎತ್ತಿಕೊಂಡು ಪಂಕ್ತಿಯ ನಡುವೆ, ದೊಡ್ಡಪ್ಪನ ಬದಿಗೆ ಹಾಸಿ ಕೂತೆ. ಬಡಿಸುವವನು ಅವರ ಮುಖ ನೋಡಿದ. ದೊಡ್ಡಪ್ಪ ನನ್ನ ಕಡೆ ತಿರುಗಲಿಲ್ಲ. ತಮ್ಮ ಎಲೆಯನ್ನು ನನ್ನಿಂದ ದೂರ ಎಳೆದುಕೊಳ್ಳಲೂ ಇಲ್ಲ.

“ಕುಂತಾಳಲ್ಲ,” ಎಂದರು. “ನೀಡು.”

ಹೋಳಿಗೆ ಬಂತು. ಎದುರು ಸಾಲಿನಲ್ಲಿದ್ದ ಸೋದರತ್ತೆ ಮಾತು ಬೆಳೆಸಿದಳು. “ಯಾವಾಗ ಹೊಂಟಿ?”

“ನಾಳೆ ಊರಿಗೆ ಹೋಗ್ತೆ,” ಎಂದೆ.

ಹೋಗ್ತೆ ಎಂಬ ಆ ಕರಾವಳಿಯ ಮಾತಿಗೆ ಇಡೀ ಸಾಲು ನಕ್ಕಿತು. “ಊರಿಗಾ?” ಎಂದಳು ಅತ್ತೆ. “ಹಂಗಾರ ಇದ್ಯಾವುದ?”

“ಇದೂ ನನ್ನೂರಽ. ಇಲ್ಲಿ ಮಂದಿ ಬ್ಯಾಡ ಅಂದ್ರೂ ನಂದಽ, ಅಲ್ಲಿ ಮಂದಿ ಯಾರು ಅಂತ ಕೇಳಿದ್ರೂ ನಂದಽ,” ಎಂದೆ.

ನಗು ನಿಂತಿತು. ತುಪ್ಪದ ತಂಬಿಗೆ ಹಿಡಿದವನು ನನ್ನನ್ನು ದಾಟಿ ಮುಂದೆ ಹೋಗುತ್ತಿದ್ದ. “ನನಗೂ ಹಾಕಪಾ,” ಎಂದು ಕರೆದೆ. ಅವನು ಹಿಂದಕ್ಕೆ ಬಂದ.