ಏನೂ ಬೇಡದವರ ಯಾದಿ

ಹಂಸಭಾವಿಯ ಬಸವಣ್ಣೆಪ್ಪನಿಲ್ಲದೆ ಸುತ್ತಿನ ನಾಲ್ಕು ತಾಲ್ಲೂಕುಗಳಲ್ಲಿ ಒಂದು ಮದುವೆಯೂ ಕುದುರುವುದಿಲ್ಲ ಎಂಬ ಮಾತಿತ್ತು. ಆ ಮಾತನ್ನು ಹಬ್ಬಿಸಿದವನೂ ಅವನೇ. ನಲವತ್ತು ವರ್ಷ ಕಂಡವರ ಮನೆಯ ಜಮಖಾನದ ಮೇಲೆ ಕುಳಿತು ಅವನು ಯಾದಿ ಬರೆಸಿದ್ದ. ಯಾರು ಯಾರಿಗೆ ಏನು ಕೊಡಬೇಕೆಂದು ಹಿರಿಯರೆದುರು ಬರೆದು ಸಹಿ ಹಾಕಿಸುವ ಕಾಗದವೇ ಯಾದಿ. ಗಂಡಿನ ಕಡೆಯವರು ಎಂದೂ ಬಾಯಿಬಿಟ್ಟು ಕೇಳುವುದಿಲ್ಲ. ಕೇಳಿದರೆ ಮರ್ಯಾದೆ ಹೋಗುತ್ತದಲ್ಲ! “ನಮಗೇನೂ ಬ್ಯಾಡ್ರಿ” ಎನ್ನುತ್ತಾರೆ. ಆ ದನಿ ಕೇಳಿಯೇ ಬಸವಣ್ಣೆಪ್ಪ ಲೆಕ್ಕ ಹೇಳುತ್ತಿದ್ದ. ಎಳೆದು ಅಂದರೆ ಐದು ತೊಲೆ ಬಂಗಾರ, ಕೆಮ್ಮಿ ಅಂದರೆ ಹತ್ತು, ಹೆಂಡತಿಯ ಮುಖ ನೋಡಿ ಅಂದರೆ ಮೇಲೊಂದು ಗಾಡಿ.

ಹೋದ ವರ್ಷ ಅವನಿಗೆ ಲಕ್ವ ಹೊಡೆಯಿತು. ಎಡಗೈ ಸೋತಿತು. ಮಾತು ಮಾತ್ರ ಒಂದಕ್ಷರವೂ ತೊದಲಲಿಲ್ಲ. ಮನೆಯವರು ದೇವರು ದೊಡ್ಡವನೆಂದರು. ಹುಬ್ಬಳ್ಳಿಯ ಡಾಕ್ಟರು ಅಷ್ಟು ಬೇಗ ಕೈಮುಗಿಯಲಿಲ್ಲ.

“ಶಬ್ದ ಹುಡುಕೋದು, ವಾಕ್ಯ ಜೋಡಸೋದು ಹೆಚ್ಚಾಗಿ ಮಿದುಳಿನ ಎಡಗಡೆ ಕೆಲಸ. ಅದು ಗಟ್ಟಿ ಐತಿ,” ಎಂದು ಅವರು ಮಗ ಚನ್ನೇಶನಿಗೆ ಹೇಳಿದರು. “ಆದ್ರ ಮಾತಿನ ದನಿ, ಎದುರಿನವರ ಮುಖ, ಚ್ಯಾಷ್ಟಿ, ಕೊಂಕು, ಇವನ್ನ ತಿಳಕೊಳ್ಳಾಕ ಬಲಗಡೆ ಬೇಕು. ಪೆಟ್ಟು ಬಿದ್ದದ್ದು ಅಲ್ಲಿ.”

ಚನ್ನೇಶನಿಗೆ ತಿಳಿದದ್ದು ಎಡಗಡೆ ಗಟ್ಟಿ ಇದೆ ಎಂಬುದಷ್ಟೇ.

ಬಲಗಡೆಯ ಸುದ್ದಿ ಊರಿಗೆ ನಿಧಾನವಾಗಿ ತಿಳಿಯಿತು. ಬಾಗಿಲು ಮುಚ್ಚುತ್ತಲೇ “ಊಟ ಮಾಡ್ಕೊಂಡ ಹೋಗ್ರಿ” ಎಂದ ನೆರೆಮನೆಯವರಲ್ಲಿ ಬಸವಣ್ಣೆಪ್ಪ ಕುಳಿತು ಮೂರು ರೊಟ್ಟಿ ಉಂಡ. ಕಟ್ಟೆಯ ಮೇಲೆ ಜನ ನಕ್ಕರು. ಯಾಕೆ ನಕ್ಕರೆಂದು ತಿಳಿಯದೆ ಅವನೂ ನಕ್ಕ. ಅವನಿಗೆ ಉಳಿದದ್ದು ಒಂದೇ ಆಸೆ: ಮೊಮ್ಮಗಳು ಶ್ವೇತಾಳ ಯಾದಿಯನ್ನು ತಾನೇ ಬರೆಸಬೇಕು.

ಚನ್ನೇಶ ಅಪ್ಪನನ್ನು ಒಳಕೋಣೆಯಲ್ಲೇ ಕೂಡಿಸಬೇಕೆಂದಿದ್ದ. ಆದರೆ ಸವಣೂರಿನಿಂದ ಬಂದ ಗಂಡಿನ ತಂದೆ ಫಕ್ಕೀರಗೌಡರೇ ಬಿಡಲಿಲ್ಲ. “ಹಿರ್ಯಾರನ್ನ ಬಿಟ್ಟು ಎಂಥಾ ಯಾದಿರಿ?” ಎಂದರು. ಕೆಮ್ಮಿದರೆ ಸಾಕು, ಬಸವಣ್ಣೆಪ್ಪ ತಿಳಿದುಕೊಳ್ಳುತ್ತಾನೆ ಎಂಬುದು ಅವರ ಹಳೆಯ ನಂಬಿಕೆ. ಲಕ್ವದ ಸುದ್ದಿ ಸವಣೂರಿಗೆ ಕೈಯವರೆಗೆ ಮಾತ್ರ ಮುಟ್ಟಿತ್ತು.

ಯಾದಿ ಬರೆಯಲು ಕರೆಸಿದ್ದ ಊರ ಶಾಲೆಯ ಮಾಸ್ತರು ಕಾಗದಕ್ಕೆ ಅರಿಸಿನ ಹಚ್ಚಿ ಪೆನ್ನು ಹಿಡಿದರು. ಗೌಡರು ಕೆಮ್ಮಿದರು. ಹೆಂಡತಿಯ ಮುಖ ನೋಡಿದರು.

“ನಮಗೇನೂ ಬ್ಯಾಡ್ರಿ.”

ಹತ್ತು ತೊಲೆ, ಮೇಲೊಂದು ಗಾಡಿ ಎಂದು ಚನ್ನೇಶ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಬಸವಣ್ಣೆಪ್ಪ ಮಾಸ್ತರ ಕಡೆ ತಿರುಗಿದ. “ಬರೀರಿ. ಗಂಡಿನ ಕಡ್ಯಾವರಿಗೆ ಏನೂ ಬ್ಯಾಡ.”

ಗೌಡರು ಚೇಷ್ಟೆಯೆಂದುಕೊಂಡು ನಕ್ಕರು. “ಹಿರೇಸೊಸಿ ತವರಮನ್ಯಾವ್ರು ಕಾರ್ ಕೊಟ್ಟಾರ. ನಾವೇನ್ ಕೇಳಿದ್ದಿಲ್ಲ ಬಿಡ್ರಿ.”

“ಚಲೋ ಆತಲ್ರಿ. ಮನ್ಯಾಗ ಕಾರ್ ಐತಿ ಅಂದಂಗಾತು. ಮಾಸ್ತರ, ಕಾರೂ ಬ್ಯಾಡ ಅಂತ ಬರೀರಿ.”

“ಭಾಳ ಶಾಣ್ಯಾರದೀರಿ ನೀವು!” ಗೌಡರ ಮುಖ ಕೆಂಪಾಗಿತ್ತು.

“ಹೂನ್ರಿ, ಎಲ್ಲಾರೂ ಹಂಗ ಅಂತಾರ. ಇಲ್ಲಿ ಸಹಿ ಮಾಡ್ರಿ.”

ಐದೂರಿನ ಹಿರಿಯರು ನೋಡುತ್ತಿದ್ದರು. ಬೇಕು ಎನ್ನಲು ಗೌಡರಿಗೆ ಬಾಯಿಲ್ಲ, ಬೇಡ ಎಂದು ಸಹಿ ಹಾಕಲು ಕೈ ಬರಲೊಲ್ಲದು. “ನಾಳೆ ತಿಳಸ್ತೇವ್ರಿ” ಎಂದು ಶಿರಾ ಮುಟ್ಟದೆ ಎದ್ದು ಹೋದರು. ಆ ಮಾತನ್ನು ನಂಬಿದವನು ಇಡೀ ಮನೆಯಲ್ಲಿ ಬಸವಣ್ಣೆಪ್ಪ ಒಬ್ಬನೇ.

“ಭಾರೀ ಚಂದ ಮಾಡಿದ್ಯಪ್ಪಾ!” ಎಂದು ಚನ್ನೇಶ ಹಲ್ಲು ಕಡಿದ. ಬಸವಣ್ಣೆಪ್ಪ ಖುಷಿಯಿಂದ ಶಲ್ಯ ಸರಿಮಾಡಿಕೊಂಡ. ಬಾಗಿಲ ಹಿಂದೆ ಶ್ವೇತಾ ನಕ್ಕಳು. ಅವಳ ನಗುವಿನಲ್ಲಿ ಕೊಂಕಿರಲಿಲ್ಲ. ಪಾಪ, ಅದೂ ಅವನಿಗೆ ತಿಳಿಯಲಿಲ್ಲ.

ಬಸವಣ್ಣೆಪ್ಪ ಒಳಗೆ ಹೋದಾಗ ಅಡುಗೆಮನೆಯಲ್ಲಿ ಅವನ ಹೆಂಡತಿ ನಾಗವ್ವ ಶಿರಾದ ಬೋಗುಣಿಯ ಮುಂದೆ ಕುಳಿತು ಅಳುತ್ತಿದ್ದಳು.

“ಏನಾತು?”

“ಏನಿಲ್ಲ.”

ಸರಿ, ಏನಿಲ್ಲವಂತೆ ಎಂದು ಅವನು ಹೊರಟ. ಅವಳು “ಏನಿಲ್ಲ” ಎಂದರೆ ಹಿಂದೆಲ್ಲ ಪಕ್ಕದಲ್ಲಿ ಬಂದು ಕೂಡುತ್ತಿದ್ದ. ಅಷ್ಟು ಮಾತ್ರ ಅವನಲ್ಲಿ ಒಳ್ಳೆಯದಿತ್ತು, ಅದೂ ಹೋಗಿತ್ತು. ನಾಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಕುಂದರ್ರಿ. ಬಾಯಿಬಿಟ್ಟು ಹೇಳದಿದ್ರ ನಿಮಗ ಇನ್ನ ತಿಳಿಯೂದಿಲ್ಲ. ಮದುವಿ ಮುರೀತಂತ ಅಳಾಕತ್ತಿಲ್ಲ ನಾನು. ನನ್ನ ಯಾದಿ ದಿನ ಮಾವನೋರೂ ಹಿಂಗ ಕೆಮ್ಮಿ ‘ಏನೂ ಬ್ಯಾಡ’ ಅಂದಿದ್ರು. ನೀವು ಬಾಜೂಕ ಕುಂತಿದ್ರಿ. ನಮ್ಮಪ್ಪ ಉಳೋ ಜೋಡೆತ್ತು ಮಾರಿ ಬಂಗಾರ ತಂದ. ಆವತ್ತ ನಿಮ್ಮ ಮಿದುಳು ಎರಡೂ ಕಡೆ ನೆಟ್ಟಗಿತ್ತಲ್ರೀ?”

ಅವಳು ಕೇಳಿದ ಪ್ರಶ್ನೆಯನ್ನು ಬಸವಣ್ಣೆಪ್ಪ ಕೇಳಿದಷ್ಟೇ ವಿಚಾರ ಮಾಡಿದ.

“ಹೂಂ,” ಎಂದ, “ನೆಟ್ಟಗಿತ್ತು.”